ಚಕ್ರದ ಮೇಲಿನ ನಾಲ್ಕು ಬೆರಳಿನ ತೆರಪು

ಕೆಲವು ತಿಂಗಳ ಹಿಂದೆ ನಮ್ಮ ಪರಿಚಯದ ಮೋಟಾರು ಮೇಸ್ತ್ರಿಯೊಬ್ಬರ ವರ್ಕ್‌ಷಾಪಿಗೆ ಹೋಗಿದ್ದಾಗ, ಅಲ್ಲಿ ಗೋಡೆಗೆ ಒರಗಿಸಿಟ್ಟಿದ್ದ ಒಂದು ಟೈರು ನಮ್ಮ ಗಮನವನ್ನು ಸೆಳೆಯಿತು. ನೆಲವನ್ನು ಮುಟ್ಟುವ ಭಾಗದಲ್ಲಿ ಅದರ ಅಚ್ಚು ಹೊಸದರಂತೆ ಆಳವಾಗಿಯೇ ಇದ್ದಿತು. ಆದರೆ ಹೊರಮಗ್ಗುಲಿನ ಭುಜದ ಸುತ್ತಲೂ, ಬಡಗಿಯು ಉಳಿಯಿಂದ ಕೆತ್ತಿ ತೆಗೆದಂತೆ, ಬೆರಳಗಲದ ಒಂದು ಹೊಳೆಯುವ ಪಟ್ಟೆ ಬಿದ್ದಿತ್ತು. ಒಂದೆಡೆ ರಬ್ಬರು ಪೂರ್ತಿಯಾಗಿ ಸವೆದು ಒಳಗಿನ ನೂಲಿನ ಪದರವೇ ಹೊರಗೆ ಇಣುಕುತ್ತಿತ್ತು. ಅದರ ಒಡೆಯನಾದ ಕಾಲೇಜು ವಿದ್ಯಾರ್ಥಿಯು ಪಕ್ಕದಲ್ಲೇ ನಿಂತಿದ್ದನು. ತಂದೆಯ ಕಾರಿಗೆ ಹೊಸ ಅಗಲ ಚಕ್ರಗಳನ್ನು ಹಾಕಿಸಿ, ಸ್ಪ್ರಿಂಗುಗಳನ್ನು ಬದಲಿಸಿ ಕಾರನ್ನು 30 ಮಿಲಿಮೀಟರಿನಷ್ಟು ತಗ್ಗಿಸಿದ್ದನಂತೆ. ಎರಡು ತಿಂಗಳು ಒಬ್ಬನೇ ಓಡಿಸಿದಾಗ ಏನೂ ತೊಂದರೆಯಿರಲಿಲ್ಲ. ಗೆಳೆಯರೊಡನೆ ನಂದಿಬೆಟ್ಟಕ್ಕೆ ಹೋಗಿ ಬಂದ ಒಂದೇ ದಿನದಲ್ಲಿ ಹೀಗಾಯಿತು. ಟೈರೇ ಕಳಪೆ ಎಂಬುದು ಅವನ ವಾದ.

ಮೇಸ್ತ್ರಿಗಳು ಟೈರನ್ನು ನೋಡಲೇ ಇಲ್ಲ. "ಏನಪ್ಪಾ, ಹಿಂದಿನ ಸೀಟಿನಲ್ಲಿ ಎಷ್ಟು ಜನ ಕೂತಿದ್ದಿರಿ?" ಎಂದರು.

ಆ ಒಂದು ಪ್ರಶ್ನೆಯಲ್ಲಿ ಯಂತ್ರಶಾಸ್ತ್ರದ ಒಂದು ಸಣ್ಣ ಅಧ್ಯಾಯವೇ ಅಡಗಿದೆ. ನೂಲು ಕಾಣುವವರೆಗೆ ಸವೆದ ಟೈರು ಇಳಿಜಾರಿನ ತಿರುವಿನಲ್ಲಿ ಒಡೆದಿದ್ದರೆ ಏನಾಗುತ್ತಿತ್ತೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಈಚೆಗೆ ಕಾರುಗಳನ್ನು ತಗ್ಗಿಸುವ, ಚಕ್ರಗಳನ್ನು ಅಗಲಿಸುವ ಹವ್ಯಾಸವು ತರುಣರಲ್ಲಿ ಹಬ್ಬುತ್ತಿರುವುದರಿಂದ, ಟೈರು ಏಕೆ ಉಜ್ಜುತ್ತದೆ, ಉಜ್ಜದಂತೆ ಮಾಡುವುದು ಹೇಗೆ ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಮಾಡೋಣ.

ನಿಂತಿರುವ ಯಾವುದೇ ಕಾರಿನ ಬಳಿಗೆ ಹೋಗಿ ನೋಡಿದರೆ, ಟೈರಿನ ನೆತ್ತಿಗೂ ಅದರ ಮೇಲೆ ಬಾಗಿರುವ ತಗಡಿನ ಕಮಾನಿಗೂ ನಡುವೆ ಕೈಯ ನಾಲ್ಕು ಬೆರಳುಗಳು ಹಿಡಿಸುವಷ್ಟು ತೆರಪಿರುವುದು ಕಾಣುತ್ತದೆ. ನೋಡುವವನಿಗೆ ಅದು ವ್ಯರ್ಥವಾದ ಜಾಗವೆಂದೂ, ಅದಿಲ್ಲದಿದ್ದರೆ ಕಾರು ಚೆಲುವಾಗಿ ಕಾಣುತ್ತಿತ್ತೆಂದೂ ತೋರಬಹುದು. ಆದರೆ ಅದು ಖಾಲಿ ಜಾಗವಲ್ಲ, ಕಾದಿರಿಸಿದ ಜಾಗ. ರೈಲಿನಲ್ಲಿ ಮುಂದಿನ ನಿಲ್ದಾಣದ ಪ್ರಯಾಣಿಕನಿಗಾಗಿ ಬಿಟ್ಟ ಆಸನದಂತೆ, ಕಾರು ಚಲಿಸಲು ತೊಡಗಿದಾಗ ಚಕ್ರವು ಬಂದು ಅಲ್ಲಿ ಕೂರುತ್ತದೆ. ರಸ್ತೆಯ ಉಬ್ಬಿನ ಮೇಲೆ ಹಾಯುವಾಗ ಚಕ್ರವು ಮೇಲೇಳುತ್ತದೆ. ತಿರುವಿನಲ್ಲಿ ಕಾರಿನ ಒಡಲು ಹೊರಮಗ್ಗುಲಿಗೆ ವಾಲಿ, ಆ ಕಡೆಯ ಕಮಾನು ಚಕ್ರದ ಮೇಲೆ ಇಳಿಯುತ್ತದೆ. ಮುಂದಿನ ಚಕ್ರಗಳಾದರೆ ಇಷ್ಟರ ಜೊತೆಗೆ ಎಡಬಲಕ್ಕೆ ಹೊರಳುತ್ತವೆ. ಈ ಚಲನೆಗಳೆಲ್ಲ ಒಮ್ಮೆಗೇ ಕೂಡಿ ಬರುವ ಸಂದರ್ಭವೂ ಉಂಟು: ತಿರುವಿನ ನಡುವೆ ಒಂದು ಗುಂಡಿ, ಕಾರಿನ ತುಂಬ ಜನ. ತಯಾರಕರು ತೆರಪನ್ನು ಲೆಕ್ಕ ಹಾಕುವುದು ಆ ಕೆಟ್ಟ ಗಳಿಗೆಗಾಗಿಯೇ ಹೊರತು, ಮನೆಯ ಮುಂದೆ ನಿಂತ ಕಾರಿನ ಅಂದಕ್ಕಾಗಿಯಲ್ಲ. ಚಳಿದೇಶಗಳಲ್ಲಿ ಹಿಮದ ಮೇಲೆ ಜಾರದಂತೆ ಟೈರಿಗೆ ಸುತ್ತುವ ಸರಪಳಿಗೂ ಅದರಲ್ಲಿ ಪಾಲಿರುತ್ತದೆ.

ಈ ಜಾಗಕ್ಕಾಗಿ ಎಂಜಿನಿಯರುಗಳು ಎಷ್ಟು ಹೆಣಗುತ್ತಾರೆಂಬುದಕ್ಕೆ ಇಂಗ್ಲೆಂಡಿನ 'ಮಿನಿ' ಕಾರಿಗಿಂತ ಒಳ್ಳೆಯ ನಿದರ್ಶನವಿಲ್ಲ. 1956ರಲ್ಲಿ ಸೂಯೆಜ್ ಕಾಲುವೆಯ ಬಿಕ್ಕಟ್ಟಿನಿಂದ ಪೆಟ್ರೋಲಿಗೆ ಬರ ಬಂದಾಗ, ಅಲೆಕ್ ಇಸ್ಸಿಗೋನಿಸ್ ಎಂಬ ವಿನ್ಯಾಸಕಾರನಿಗೆ ಅತಿ ಚಿಕ್ಕದಾದ, ಆದರೆ ನಾಲ್ವರು ನಿಜವಾಗಿ ಕೂರಬಲ್ಲ ಕಾರನ್ನು ರಚಿಸುವ ಹೊಣೆ ಬಿದ್ದಿತು. ಕಾರಿನ ಉದ್ದ ಹತ್ತು ಅಡಿ ಮಾತ್ರ. ದೊಡ್ಡ ಚಕ್ರಕ್ಕೆ ದೊಡ್ಡ ಕಮಾನು ಬೇಕು. ಕಮಾನು ದೊಡ್ಡದಾದಷ್ಟೂ ಅದು ಒಳಗೆ ಕೂರುವವರ ಮೊಣಕಾಲಿನ ಜಾಗವನ್ನು ಕಬಳಿಸುತ್ತದೆ. ಆದುದರಿಂದ ಆತನು ಕೇವಲ 10 ಅಂಗುಲದ ಚಕ್ರಗಳನ್ನು ಆರಿಸಿಕೊಂಡನು; ಅದಕ್ಕೆ ತಕ್ಕ ಟೈರುಗಳನ್ನು ಡನ್‌ಲಪ್ ಕಂಪನಿಯು ಮಾಡಿಕೊಟ್ಟಿತು. ಉಕ್ಕಿನ ಸುರುಳಿ ಸ್ಪ್ರಿಂಗಿಗೂ ಸ್ಥಳ ಸಾಲದೆ, ಅಲೆಕ್ಸ್ ಮೌಲ್ಟನ್ ಎಂಬಾತನು ರೂಪಿಸಿದ ಗಿಡ್ಡ ರಬ್ಬರು ಶಂಕುಗಳನ್ನೇ ಸ್ಪ್ರಿಂಗುಗಳಾಗಿ ಬಳಸಿದರು. ಸನ್ನೆಕೋಲಿನ ಏರ್ಪಾಡಿನ ಮೂಲಕ, ಶಂಕುವು ಸ್ವಲ್ಪವೇ ಕುಗ್ಗಿದರೂ ಚಕ್ರವು ಅದರ ಹಲವು ಪಟ್ಟು ಮೇಲೇಳುವಂತೆ ಮಾಡಲಾಗಿತ್ತು. ರಬ್ಬರಿಗೆ ಇನ್ನೊಂದು ಗುಣವಿದೆ. ಕುಗ್ಗಿದಷ್ಟೂ ಅದು ಹೆಚ್ಚು ಹೆಚ್ಚು ಪೆಡಸಾಗುತ್ತದೆ. ಆರುನೂರು ಕಿಲೋಗ್ರಾಮಿನ ಆಸುಪಾಸಿನ ಪುಟ್ಟ ಕಾರಿನಲ್ಲಿ ನಾಲ್ವರು ಸಾಮಾನು ಸಹಿತ ಕುಳಿತರೆ ಭಾರವು ಅರ್ಧದಷ್ಟು ಏರಿಬಿಡುತ್ತದೆ. ಅಂಥ ಕಾರಿಗೆ ಈ ಗುಣವು ವರವಾಯಿತು. 1959ರ ಆಗಸ್ಟಿನಲ್ಲಿ ಹೊರಬಂದ ಮಿನಿ 1964ರಲ್ಲಿಯೇ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಗೆದ್ದಿತು. 1965 ಮತ್ತು 1967ರಲ್ಲಿಯೂ ಗೆದ್ದಿತು.

ಅಂದಿನಿಂದ ಮಿನಿಯ ಒಡೆಯರು ಅದನ್ನು ತಗ್ಗಿಸುತ್ತಲೂ ಅದರ ಚಕ್ರಗಳನ್ನು ಅಗಲಿಸುತ್ತಲೂ ಬಂದಿದ್ದಾರೆ. ಮೂರೂವರೆ ಅಂಗುಲದ ಮೂಲ ರಿಮ್ಮಿನ ಜಾಗದಲ್ಲಿ ಐದು, ಆರು ಅಂಗುಲದ ರಿಮ್ಮುಗಳು ಬಂದವು. ಟೈರುಗಳು ಕಮಾನಿಗೆ ತಾಗತೊಡಗಿದವು. ಇದರಲ್ಲಿ ಒಂದು ವಿನೋದವೂ ಉಂಟು. ರಬ್ಬರು ಶಂಕುವು ವರ್ಷಗಳು ಕಳೆದಂತೆ ತಾನಾಗಿಯೇ ಕುಸಿಯುವುದರಿಂದ, ಯಾರೂ ಕೈಹಾಕದ ಹಳೆಯ ಮಿನಿಯೂ ಕಾಲಕ್ರಮದಲ್ಲಿ ತಗ್ಗಿದ ಮಿನಿಯಾಗುತ್ತದೆ.

ಈಗ ನಮ್ಮ ವಿದ್ಯಾರ್ಥಿಯ ಕಾರಿಗೆ ಮರಳೋಣ. ಸ್ಪ್ರಿಂಗಿನ ಕುಗ್ಗುವಿಕೆಯು ಅದರ ಮೇಲೆ ಬಿದ್ದ ಭಾರಕ್ಕೆ ಅನುಪಾತದಲ್ಲಿರುತ್ತದೆಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದನು. ಅದನ್ನು ವಾಚಕರು ಶಾಲೆಯಲ್ಲಿಯೇ ಕಲಿತಿರುತ್ತಾರೆ. ಸ್ಪ್ರಿಂಗನ್ನು ಒಂದು ಮಿಲಿಮೀಟರು ಕುಗ್ಗಿಸಲು ಬೇಕಾದ ಭಾರವನ್ನು ಅದರ ಪೆಡಸು ಎಂದು ಕರೆಯೋಣ. ಒಂದು ಚಕ್ರದ ಮೇಲೆ 300 ಕಿಲೋಗ್ರಾಂ ಭಾರ ಬೀಳುತ್ತದೆಂದೂ, ಸ್ಪ್ರಿಂಗಿನ ಪೆಡಸು ಮಿಲಿಮೀಟರಿಗೆ 2.5 ಕಿಲೋಗ್ರಾಂ ಎಂದೂ ಇಟ್ಟುಕೊಂಡರೆ, ಕಾರು ಸುಮ್ಮನೆ ನಿಂತಿರುವಾಗಲೇ ಸ್ಪ್ರಿಂಗು 120 ಮಿ.ಮೀ. ಕುಗ್ಗಿರುತ್ತದೆ. ಅಲ್ಲಿಂದ ಮೇಲಕ್ಕೆ ಚಕ್ರವು ಏರಲು ಇನ್ನೂ 80 ಮಿ.ಮೀ. ಅವಕಾಶವಿದೆ ಎನ್ನೋಣ. ಅದೇ ಪೆಡಸಿನ, ಆದರೆ ಗಿಡ್ಡನೆಯ ಸ್ಪ್ರಿಂಗನ್ನು ಹಾಕಿ ಕಾರನ್ನು 30 ಮಿ.ಮೀ. ತಗ್ಗಿಸಿದರೆ ಉಳಿಯುವ ಅವಕಾಶ 50 ಮಿ.ಮೀ.

ಇಷ್ಟು ಸಾಲದೇ ಎನಿಸಬಹುದು. ಒಬ್ಬನೇ ಕುಳಿತು ಓಡಿಸುವಾಗ ಸಾಕಾಗಲೂಬಹುದು. ಆದರೆ ಹಿಂದಿನ ಸೀಟಿನಲ್ಲಿ ಮೂವರು ಕುಳಿತು, ಡಿಕ್ಕಿಯಲ್ಲಿ ಬುತ್ತಿಯ ಗಂಟುಗಳನ್ನಿಟ್ಟು, ಹಿಂದಿನ ಒಂದೊಂದು ಚಕ್ರದ ಮೇಲೆ 100 ಕಿಲೋಗ್ರಾಂ ಹೆಚ್ಚಿಗೆ ಬಿದ್ದಿತೆನ್ನಿ. ಸ್ಪ್ರಿಂಗು ಇನ್ನೂ 40 ಮಿ.ಮೀ. ಕುಗ್ಗುತ್ತದೆ. ಮೂಲ ಕಾರಿನಲ್ಲಿ ಆಗಲೂ 40 ಮಿ.ಮೀ. ಉಳಿದಿರುತ್ತದೆ, ತಗ್ಗಿಸಿದ ಕಾರಿನಲ್ಲಿ ಉಳಿಯುವುದು 10 ಮಿ.ಮೀ. ಮಾತ್ರ. ರಸ್ತೆಯ ಉಬ್ಬುಗಳಿಗೆ ಭಾರತೀಯ ರಸ್ತೆ ಕಾಂಗ್ರೆಸ್ಸು ಹೇಳಿರುವ ಅಳತೆಯು 3.7 ಮೀಟರು ಅಗಲ, ನಡುವೆ 10 ಸೆಂಟಿಮೀಟರು ಎತ್ತರ. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಹುಟ್ಟಿಕೊಳ್ಳುವ ಉಬ್ಬುಗಳು ಆ ಎತ್ತರವನ್ನು ಮರೆಯದಿದ್ದರೂ ಆ ಅಗಲವನ್ನಂತೂ ಮರೆತಿರುತ್ತವೆ. ಅಂಥದೊಂದರ ಮೇಲೆ ಈ ಕಾರು ಹಾಯ್ದರೆ 10 ಮಿ.ಮೀ. ಎಷ್ಟರ ಪಾಡು? ಮೇಸ್ತ್ರಿಗಳು ಹಿಂದಿನ ಸೀಟಿನ ಸುದ್ದಿಯನ್ನು ಮೊದಲು ಕೇಳಿದುದು ಇದಕ್ಕಾಗಿಯೇ.

ಹಾಗಾದರೆ ಸ್ಪ್ರಿಂಗನ್ನು ಪೆಡಸು ಮಾಡಿದರಾಯಿತಲ್ಲ, ಎಂದು ಯಾರಾದರೂ ಹೇಳಬಹುದು. ಮಾಡಬೇಕಾದುದೂ ಅದೇ, ಆದರೆ ಎಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡಿದರೆ ಗಾಬರಿಯಾಗುತ್ತದೆ. ಉಬ್ಬಿಗೆ ತಾಗಿದಾಗ ಸ್ಪ್ರಿಂಗು ಹೀರಿಕೊಳ್ಳಬೇಕಾದ ಶಕ್ತಿಯು, ನಿಂತಾಗಿನ ಸ್ಥಿತಿಯಿಂದ ಎಣಿಸಿದರೆ, ಪೆಡಸಿನ ಅರ್ಧವನ್ನು ಕುಗ್ಗಿದ ದೂರದ ವರ್ಗದಿಂದ ಗುಣಿಸಿದಷ್ಟು. ಹಿಂದೆ 80 ಮಿ.ಮೀ. ದೂರದಲ್ಲಿ ಹೀರಿಕೊಳ್ಳುತ್ತಿದ್ದ ಶಕ್ತಿಯನ್ನೇ ಈಗ 50 ಮಿ.ಮೀ.ನಲ್ಲಿ ಹೀರಬೇಕಾದರೆ, ಪೆಡಸು 80ರ ವರ್ಗವನ್ನು 50ರ ವರ್ಗದಿಂದ ಭಾಗಿಸಿದಷ್ಟು ಪಟ್ಟು, ಅಂದರೆ 6400ನ್ನು 2500ರಿಂದ ಭಾಗಿಸಿದರೆ ಬರುವ 2.56 ಪಟ್ಟು ಹೆಚ್ಚಬೇಕು. ತೆರಪನ್ನು ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಕಡಿಮೆಮಾಡಿದುದಕ್ಕೆ ಇಷ್ಟು ದಂಡ! ಕಾರಿನ ತೂಗಾಟವೂ ಬದಲಾಗುತ್ತದೆ. ಮೊದಲಿನ ಸ್ಪ್ರಿಂಗಿನ ಮೇಲೆ ಕಾರು ಸೆಕೆಂಡಿಗೆ ಸುಮಾರು 1.4 ಸಲ ತೂಗುತ್ತಿತ್ತು. ಈ ಹೊಸ ಸ್ಪ್ರಿಂಗಿನ ಮೇಲೆ ಅದು 2.3 ಸಲ ತೂಗುತ್ತದೆ. ಸುಖವಾಗಿ ಸಾಗುವ ಕಾರುಗಳಲ್ಲಿ ಈ ಸಂಖ್ಯೆಯು ಸಾಮಾನ್ಯವಾಗಿ ಒಂದರಿಂದ ಒಂದೂವರೆಯೊಳಗಿರುತ್ತದೆ. ಎರಡನ್ನು ದಾಟಿದರೆ ಪಂದ್ಯದ ಕಾರಿನ ಹಾದಿ ಹಿಡಿದಂತೆಯೇ. ಹಿಂದಿನ ಸೀಟಿನಲ್ಲಿ ಅಜ್ಜಿಯನ್ನು ಕೂರಿಸಿಕೊಂಡು ಹೋಗಲಾಗದು. ಪೆಡಸಿಗೆ ತಕ್ಕ ಶಾಕ್ ಅಬ್ಸಾರ್ಬರುಗಳೂ ಬೇಕಾಗುತ್ತವೆ. ಹಳೆಯವನ್ನೇ ಉಳಿಸಿಕೊಂಡರೆ ಕಾರು ನೆಗೆದು ನೆಗೆದು ಓಡುತ್ತದೆ.

ಹೊಸ ಸ್ಪ್ರಿಂಗಿಗೆ ಹಣ ತೆರಲಾರದವರು ಹಳೆಯ ಸ್ಪ್ರಿಂಗಿನ ಒಂದು ಸುತ್ತನ್ನು ಕತ್ತರಿಸಿ ಹಾಕಿಸುವುದುಂಟು. ಕೆಲಸಮಾಡುವ ಆರು ಸುತ್ತುಗಳಲ್ಲಿ ಒಂದನ್ನು ಕತ್ತರಿಸಿದರೆ ಪೆಡಸು ಆರರ ಐದನೆಯ ಭಾಗದಷ್ಟಾಗುತ್ತದೆ, ಅಂದರೆ ನೂರಕ್ಕೆ ಇಪ್ಪತ್ತು ಮಾತ್ರ ಹೆಚ್ಚುತ್ತದೆ. ಬೇಕಾದುದಾದರೋ ಅದರ ಎಷ್ಟೋ ಪಟ್ಟು. ಇದಕ್ಕಿಂತ ಕೆಟ್ಟದ್ದು ಗ್ಯಾಸಿನ ಜ್ವಾಲೆಯಿಂದ ಸುರುಳಿಯನ್ನು ಕಾಯಿಸಿ ಕುಸಿಯುವಂತೆ ಮಾಡುವುದು. ಉಕ್ಕಿಗೆ ಕೊಟ್ಟಿದ್ದ ಹದವು ಅದರಿಂದ ಹೋಗಿಬಿಡುತ್ತದೆ. ಸ್ಪ್ರಿಂಗು ಮುಂದೆ ಇನ್ನೂ ಕುಸಿಯಬಹುದು ಅಥವಾ ಮುರಿಯಬಹುದು. ಅಲ್ಲದೆ, ಗಿಡ್ಡವಾದ ಸ್ಪ್ರಿಂಗು ಚಕ್ರವು ಗುಂಡಿಯೊಳಕ್ಕೆ ಜೋತುಬಿದ್ದಾಗ ತನ್ನ ಪೀಠದಲ್ಲಿ ಸಡಿಲವಾಗಿ, ಮತ್ತೆ ಭಾರ ಬಿದ್ದಾಗ ಓರೆಯಾಗಿ ಕೂರಬಹುದು. ಇವೆರಡನ್ನೂ ನಾವು ಎಂದಿಗೂ ಸಮ್ಮತಿಸಲಾರೆವು.

ಇಲ್ಲಿ ಒಂದು ಸೂಕ್ಷ್ಮವಾದ ಪ್ರಶ್ನೆ ಏಳುತ್ತದೆ. ಸ್ಪ್ರಿಂಗು ಎಷ್ಟೇ ಗಿಡ್ಡವಾಗಿರಲಿ, ಎಷ್ಟೇ ಮೆದುವಾಗಿರಲಿ, ಚಕ್ರವು ಮೇಲಕ್ಕೆ ಏರಬಲ್ಲ ಕೊನೆಯ ಎಲ್ಲೆಯನ್ನು ನಿರ್ಣಯಿಸುವುದು ಸ್ಪ್ರಿಂಗಲ್ಲ. ಅದಕ್ಕಾಗಿಯೇ ಪ್ರತಿ ಚಕ್ರದ ಬಳಿಯಲ್ಲಿಯೂ ರಬ್ಬರಿನದೋ ಪಾಲಿಯುರೆಥೇನಿನದೋ ಒಂದು ಮೊಟಕು ದಿಂಬನ್ನು ಇಟ್ಟಿರುತ್ತಾರೆ. ಇದಕ್ಕೆ ಬಂಪ್ ಸ್ಟಾಪು ಎಂದು ಹೆಸರು. ಬಹುತೇಕ ಕಾರುಗಳಲ್ಲಿ ಇದು ಶಾಕ್ ಅಬ್ಸಾರ್ಬರಿನ ಸರಳಿಗೇ ಕೋದ ಮಣಿಯಂತಿರುತ್ತದೆ. ಚಕ್ರವು ಏರಿ ಬಂದು ಇದನ್ನು ಪೂರ್ತಿಯಾಗಿ ಅಮುಕಿದ ಮೇಲೆ ಮುಂದಕ್ಕೆ ಏರಲಾರದು. ಕಾರನ್ನು ತಗ್ಗಿಸಿದರೂ ಈ ದಿಂಬು ತನ್ನ ಸ್ಥಾನದಲ್ಲಿಯೇ ಇರುತ್ತದೆ. ಎಂದಮೇಲೆ, ಮೂಲ ಚಕ್ರವೂ ಮೂಲ ಟೈರೂ ಇರುವಾಗ, ಕಾರನ್ನು ಬರಿದೇ ತಗ್ಗಿಸಿದ ಮಾತ್ರಕ್ಕೆ ಟೈರು ಕಮಾನನ್ನು ಮುಟ್ಟಬಾರದು. ದಿಂಬಿಗೆ ಪದೇ ಪದೇ ಗುದ್ದು ಬೀಳುತ್ತದೆ, ಕುಳಿತವರ ಬೆನ್ನು ನೋಯುತ್ತದೆ, ಅಷ್ಟೆ. ಹಾಗಿದ್ದರೂ ಉಜ್ಜುತ್ತಿದೆಯೆಂದರೆ ಎರಡರಲ್ಲಿ ಒಂದು ನಡೆದಿರಬೇಕು: ಯಾರೋ ದಿಂಬನ್ನು ಮೊಟಕುಮಾಡಿರಬೇಕು, ಇಲ್ಲವೆ ಟೈರು ತನ್ನ ಮೂಲಸ್ಥಾನದಿಂದ ಹೊರಕ್ಕೋ ಒಳಕ್ಕೋ ಸರಿದಿರಬೇಕು.

ಮೇಸ್ತ್ರಿಗಳು ಕಾರನ್ನು ಜಾಕಿಯ ಮೇಲೆ ಎತ್ತಿ ಹಿಂದಿನ ಚಕ್ರವನ್ನು ಕಳಚಿದಾಗ ಎರಡೂ ನಡೆದಿರುವುದು ಕಂಡುಬಂದಿತು. ಕಾರು ತಗ್ಗಿದ ಮೇಲೆ ಉಬ್ಬುಗಳಲ್ಲಿ ದಡದಡ ಸದ್ದು ಬರುತ್ತದೆಂದು ಹುಡುಗನು ದೂರಿದ್ದನಂತೆ. ಸ್ಪ್ರಿಂಗು ಹಾಕಿದವರು ಸದ್ದನ್ನು ನಿಲ್ಲಿಸಲು ದಿಂಬಿನ ಅರ್ಧವನ್ನೇ ಕತ್ತರಿಸಿ ತೆಗೆದಿದ್ದರು! ಜ್ವರ ಹೆಚ್ಚಿದೆಯೆಂದು ಥರ್ಮಾಮೀಟರನ್ನು ಒಡೆದ ಹಾಗಾಯಿತು.

ಇನ್ನು ಟೈರಿನ ಮಾತು. ಹುಡುಗನು ಈ ವಿಷಯದಲ್ಲಿ ತಾನು ಲೆಕ್ಕ ಹಾಕಿಯೇ ಕೊಂಡೆನೆಂದು ವಾದಿಸಿದನು. ಲೆಕ್ಕವನ್ನು ಹಾಕಿದ್ದನು ಕೂಡ. ಆದರೆ ಅರ್ಧ ಮಾತ್ರ. ಟೈರಿನ ಮಗ್ಗುಲಿನಲ್ಲಿ 165/80 ಆರ್ 14 ಎಂಬಂಥ ಬರಹವಿರುತ್ತದೆ. ಮೊದಲನೆಯ ಅಂಕೆಯು ಮಿಲಿಮೀಟರಿನಲ್ಲಿ ಟೈರಿನ ಅಗಲ. ಎರಡನೆಯದು ಅದರ ಗೋಡೆಯ ಎತ್ತರವು ಅಗಲದ ನೂರಕ್ಕೆ ಎಷ್ಟೆಂಬುದು. ಆರ್ ಎಂದರೆ ರೇಡಿಯಲ್. ಕೊನೆಯದು ಅಂಗುಲದಲ್ಲಿ ರಿಮ್ಮಿನ ವ್ಯಾಸ. 14 ಅಂಗುಲವೆಂದರೆ 355.6 ಮಿ.ಮೀ. ಗೋಡೆಯ ಎತ್ತರ 165ರಲ್ಲಿ ನೂರಕ್ಕೆ 80, ಅಂದರೆ 132. ಮೇಲೊಂದು ಕೆಳಗೊಂದು ಗೋಡೆ ಇರುವುದರಿಂದ 264. ಒಟ್ಟು ವ್ಯಾಸ 619.6 ಮಿ.ಮೀ. ಇದೇ ರೀತಿ ಲೆಕ್ಕಮಾಡಿದರೆ 185/65 ಆರ್ 15 ಟೈರಿನ ವ್ಯಾಸ 621.5 ಮಿ.ಮೀ.; 195/55 ಆರ್ 16ರದು 620.9. ರಿಮ್ಮು ಎರಡು ಅಂಗುಲ ಹಿಗ್ಗಿದರೂ ಟೈರಿನ ಗೋಡೆಯು ತಗ್ಗಿದುದರಿಂದ ಒಟ್ಟು ವ್ಯಾಸವು ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಮಾರುತಿ ಸ್ವಿಫ್ಟ್ ಕಾರಿನ ಬೇರೆ ಬೇರೆ ದರದ ಮಾದರಿಗಳಲ್ಲಿ ಮೊದಲ ಎರಡು ಅಳತೆಗಳನ್ನು ತಯಾರಕರೇ ಬಳಸಿದುದುಂಟು. ಮಿನಿಯಲ್ಲಿಯೂ ಹೀಗೆಯೇ. 1984ರಲ್ಲಿ ಅದಕ್ಕೆ 12 ಅಂಗುಲದ ಚಕ್ರ ಬಂದಾಗ ಟೈರು 145/70 ಆರ್ 12 ಆಯಿತು. ರಿಮ್ಮು 51 ಮಿ.ಮೀ. ಹಿಗ್ಗಿದರೂ ಹಿಂದಿನ 145/80 ಆರ್ 10ಕ್ಕಿಂತ ಹೊರವ್ಯಾಸವು 22 ಮಿ.ಮೀ.ನಷ್ಟು ಮಾತ್ರ ಬೆಳೆಯಿತು.

ವ್ಯಾಸವು ಬೆಳೆದರೆ ತೆರಪು ಎಷ್ಟು ಕಡಿಮೆಯಾಗುತ್ತದೆ? ವಿದ್ಯಾರ್ಥಿಗಳು ಇದನ್ನು ಒಂದು ಗಳಿಗೆ ಯೋಚಿಸಿ ನೋಡಬಹುದು. ವ್ಯಾಸವು 13 ಮಿ.ಮೀ. ಹೆಚ್ಚಿದರೆ ಟೈರಿನ ನೆತ್ತಿಯು ನೆಲದಿಂದ 13 ಮಿ.ಮೀ. ಮೇಲೇಳುತ್ತದೆ, ಆದರೆ ಚಕ್ರದ ಕೇಂದ್ರವೂ, ಅದರೊಡನೆ ಇಡೀ ಕಾರೂ, ಆರೂವರೆ ಮಿ.ಮೀ. ಏರುತ್ತದೆ. ಆದುದರಿಂದ ತೆರಪಿನಲ್ಲಿ ನಷ್ಟವಾಗುವುದು ಆರೂವರೆ ಮಿ.ಮೀ. ಮಾತ್ರ. ಕಾರು ಎತ್ತರವಾಯಿತಲ್ಲ, ತೆರಪೂ ಹೆಚ್ಚಿತೆಂದು ತಿಳಿಯುವವರು ತಪ್ಪುತ್ತಾರೆ. ಪೂರ್ತಿ 13 ಹೋಯಿತೆಂದು ಹೆದರುವವರೂ ತಪ್ಪುತ್ತಾರೆ.

ಹುಡುಗನು ಬಿಟ್ಟ ಅರ್ಧ ಲೆಕ್ಕ ಯಾವುದು? ಚಕ್ರವು ಎಷ್ಟು ಅಗಲ ಎಂಬುದಲ್ಲದೆ, ಆ ಅಗಲವು ಯಾವ ಕಡೆಗೆ ಹಂಚಿಹೋಗಿದೆ ಎಂಬುದೂ ಮುಖ್ಯ. ಚಕ್ರವನ್ನು ನಾಭಿಗೆ ಬೋಲ್ಟುಗಳಿಂದ ಬಿಗಿಯುವ ಮುಖವು ರಿಮ್ಮಿನ ನಟ್ಟನಡುವೆ ಇರುವುದಿಲ್ಲ. ಸಾಮಾನ್ಯವಾಗಿ ಹೊರಮಗ್ಗುಲಿಗೆ ಸರಿದಿರುತ್ತದೆ. ನಡುಗೆರೆಯಿಂದ ಈ ಮುಖಕ್ಕೆ ಇರುವ ದೂರವನ್ನು ರಿಮ್ಮಿನ ಮೇಲೆ ಇಟಿ ಎಂಬ ಅಕ್ಷರಗಳ ಮುಂದೆ ಮಿಲಿಮೀಟರಿನಲ್ಲಿ ಅಚ್ಚೊತ್ತಿರುತ್ತಾರೆ. ಅದು ಒಂದು ಜರ್ಮನ್ ಪದದ ಸಂಕ್ಷೇಪ. ಈ ಅಂಕೆ ಕಡಿಮೆಯಾದಷ್ಟೂ ಚಕ್ರವು ಹೊರಕ್ಕೆ ಬರುತ್ತದೆ. ಹಳೆಯ ರಿಮ್ಮು 5 ಅಂಗುಲ ಅಗಲ, ಇಟಿ 45. ಅದರ ಅರ್ಧ ಅಗಲ 63.5 ಮಿ.ಮೀ.; ಇದರಿಂದ 45 ಕಳೆದರೆ ಹೊರ ಅಂಚು ಬೋಲ್ಟಿನ ಮುಖದಿಂದ 18.5 ಮಿ.ಮೀ. ಹೊರಗಿದ್ದಿತು. ಹೊಸ ರಿಮ್ಮು 7 ಅಂಗುಲ, ಇಟಿ 35. ಅರ್ಧ ಅಗಲ 88.9, 35 ಕಳೆದರೆ 53.9. ಅಂದರೆ ರಿಮ್ಮಿನ ಅಂಚು 35 ಮಿ.ಮೀ.ಗಿಂತ ಹೆಚ್ಚು ಹೊರಕ್ಕೆ ಸರಿದಿದೆ! ಒಳ ಅಂಚೂ 15 ಮಿ.ಮೀ. ಒಳಕ್ಕೆ ಹೋಗಿದೆ. ಟೈರಿನ ಮಗ್ಗುಲು 25 ಮಿ.ಮೀ.ಗೂ ಹೆಚ್ಚು ಹೊರಕ್ಕೆ ಬಂದುದಾಯಿತು. ಹಿಂದೆ ಕಮಾನಿನ ಒಳಕ್ಕೆ ನುಸುಳಿ ಹೋಗುತ್ತಿದ್ದ ಟೈರಿನ ಭುಜವು ಈಗ ಕಮಾನಿನ ಅಂಚಿನ ನೇರ ಕೆಳಗೆ ನಿಂತಿದೆ. ದಿಂಬು ಅರ್ಧವಾಗಿದೆ, ತೆರಪು 10 ಮಿ.ಮೀ.ಗೆ ಇಳಿದಿದೆ, ಮೇಲೆ ತಗಡಿನ ಅಂಚು ಕತ್ತಿಯಂತೆ ಕಾದಿದೆ. ಇನ್ನು ಟೈರಿನದೇನು ತಪ್ಪು?

ಟೈರಿನ ಮೇಲೆ ಬರೆದ ಅಗಲವನ್ನೂ ಅಕ್ಷರಶಃ ನಂಬುವಂತಿಲ್ಲ. ಆ ಅಳತೆಯನ್ನು ಗೊತ್ತುಮಾಡಿದ ಒಂದು ರಿಮ್ಮಿನ ಮೇಲೆ ಕೂರಿಸಿ ತೆಗೆದಿರುತ್ತಾರೆ. ರಿಮ್ಮು ಅರ್ಧ ಅಂಗುಲ ಅಗಲಿಸಿದಂತೆಲ್ಲ ಟೈರೂ ಸುಮಾರು 5 ಮಿ.ಮೀ. ಅಗಲಿಸುತ್ತದೆ. ಒಂದೇ ಬರಹವುಳ್ಳ ಎರಡು ಕಂಪನಿಗಳ ಟೈರುಗಳಲ್ಲಿ ಕೆಲವು ಮಿಲಿಮೀಟರುಗಳ ವ್ಯತ್ಯಾಸವಿರುವುದೂ ಅಪರೂಪವಲ್ಲ. ಇದಕ್ಕೆ ಪ್ರತಿಯಾಗಿ, ಟೈರು ಭಾರಕ್ಕೆ ಉಬ್ಬುವುದರಿಂದ ಕಮಾನಿಗೆ ತಾಗುತ್ತದೆಂಬ ನಂಬಿಕೆ ಬಹಳ ಜನರಲ್ಲಿದೆ, ಅದು ಸರಿಯಲ್ಲ. ಟೈರಿನ ಹೊಟ್ಟೆ ಉಬ್ಬುವುದು ನೆಲಕ್ಕೆ ತಾಗಿರುವ ಕೆಳಭಾಗದಲ್ಲಿ. ಕಮಾನು ಇರುವುದು ಮೇಲೆ.

ಮುಂದಿನ ಚಕ್ರಗಳಲ್ಲಿ ತೊಡಕು ಇನ್ನೊಂದು ಬಗೆಯದು. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ ಟೈರಿನ ಮೂಲೆಯು ಒಂದು ಕಂಸವನ್ನು ಬರೆಯುತ್ತ, ಹಿಂಬದಿಯಲ್ಲಿ ಕಮಾನಿನ ಒಳಗಿನ ಪ್ಲಾಸ್ಟಿಕ್ ಹೊದಿಕೆಗೂ, ಮುಂಬದಿಯಲ್ಲಿ ಬಂಪರಿನ ಮೂಲೆಗೂ ಸಮೀಪಿಸುತ್ತದೆ. ಚಕ್ರವು ಹೊರಕ್ಕೆ ಸರಿದಷ್ಟೂ ಈ ಕಂಸದ ತ್ರಿಜ್ಯ ಹಿಗ್ಗುತ್ತದೆ. ಸ್ಟಿಯರಿಂಗಿನ ತಿರುಗುವಿಕೆಯನ್ನು ತುಸು ತಡೆದು ಇದನ್ನು ನಿವಾರಿಸಬಹುದು. ಆದರೆ ಇಕ್ಕಟ್ಟಾದ ಬೀದಿಯಲ್ಲಿ ಕಾರನ್ನು ಹೊರಳಿಸಲು ಮೂರು ಸಲದ ಬದಲು ಐದು ಸಲ ಹಿಂದುಮುಂದು ಮಾಡಬೇಕಾಗುತ್ತದೆ.

ಕೊಳ್ಳುವ ಮುಂಚೆಯೇ ಇದನ್ನೆಲ್ಲ ಪರೀಕ್ಷಿಸುವ ಬಗೆ ಹೇಗೆ? ಪಂದ್ಯದ ಕಾರುಗಳನ್ನು ಕಟ್ಟುವವರು ಸ್ಪ್ರಿಂಗನ್ನೇ ತೆಗೆದಿಟ್ಟು, ಶಾಕ್ ಅಬ್ಸಾರ್ಬರನ್ನೂ ದಿಂಬನ್ನೂ ಮಾತ್ರ ಜೋಡಿಸಿ, ಚಕ್ರವನ್ನು ಜಾಕಿಯಿಂದ ದಿಂಬು ಅಮುಕುವವರೆಗೆ ಮೇಲೆತ್ತಿ, ಆ ಸ್ಥಿತಿಯಲ್ಲಿ ಸ್ಟಿಯರಿಂಗನ್ನು ಎರಡು ಕಡೆಗೂ ತಿರುಗಿಸಿ ನೋಡುತ್ತಾರೆ. ಇದಕ್ಕಿಂತ ಖಚಿತವಾದ ಪರೀಕ್ಷೆಯಿಲ್ಲ. ಆದರೆ ಕುಗ್ಗಿಸಿಟ್ಟ ಸುರುಳಿ ಸ್ಪ್ರಿಂಗು ನೂರಾರು ಕಿಲೋಗ್ರಾಂ ಬಲದಿಂದ ಸಿಡಿಯಬಲ್ಲದು. ತಕ್ಕ ಉಪಕರಣವೂ ಅನುಭವವೂ ಇಲ್ಲದವರು ಅದಕ್ಕೆ ಕೈಹಾಕಲೇಬಾರದು. ಜಾಕಿಯೊಂದನ್ನೇ ನಂಬಿ ಕಾರಿನ ಕೆಳಗೆ ತಲೆಯಿಡುವುದೂ ಸಲ್ಲದು, ಸ್ಟ್ಯಾಂಡುಗಳಿರಬೇಕು. ವಿದ್ಯಾರ್ಥಿಗಳಿಗೆ ಒಪ್ಪುವ ಪರೀಕ್ಷೆಯು ಇದಕ್ಕಿಂತ ಸರಳ. ಟೈರಿನ ಭುಜದ ಸುತ್ತಲೂ ಸೀಮೆಸುಣ್ಣದಿಂದ ದಪ್ಪನೆಯ ಗೆರೆಯೆಳೆದು, ಕಮಾನಿನ ಒಳ ಅಂಚಿಗೆ ಮಕ್ಕಳು ಆಡುವ ಬಣ್ಣದ ಜೇಡಿಯ ಉಂಡೆಗಳನ್ನು ಅಂಟಿಸಿ, ಕಾರಿನ ತುಂಬ ಜನರನ್ನು ಕೂರಿಸಿಕೊಂಡು, ಪರಿಚಿತವಾದ ಉಬ್ಬಿನ ಮೇಲೆ ಮೆಲ್ಲನೆ ಹಾಯಿಸಿ ಬರಬೇಕು. ಗೆರೆ ಅಳಿಸಿದ್ದರೆ ಟೈರು ತಾಗಿದೆ. ಜೇಡಿಯ ಉಂಡೆ ಚಪ್ಪಟೆಯಾಗಿದ್ದರೆ ಎಷ್ಟು ಸಮೀಪಕ್ಕೆ ಬಂದಿತೆಂಬುದೂ ತಿಳಿಯುತ್ತದೆ. ಅತಿ ಹೆಚ್ಚು ಏರಿದಾಗಲೂ ಒಂದು ಬೆರಳಗಲವಾದರೂ ಉಳಿದಿರಬೇಕೆಂಬುದು ನಮ್ಮ ಅಭಿಪ್ರಾಯ. ಕೆಸರೂ ಸಣ್ಣ ಕಲ್ಲುಗಳೂ ಸಿಕ್ಕಿಕೊಳ್ಳಲು ಅಷ್ಟು ಜಾಗ ಬೇಡವೇ?

ತಾಗುತ್ತದೆಂದು ತಿಳಿದ ಮೇಲೆ ಪರಿಹಾರವನ್ನು ಎಲ್ಲಿಂದ ಆರಂಭಿಸಬೇಕು? ಸಾಮಾನ್ಯವಾಗಿ ಜನರು ಕಮಾನಿನಿಂದ ಆರಂಭಿಸುತ್ತಾರೆ, ಅದು ಕೊನೆಯದಾಗಬೇಕು. ಮೊದಲು ಇಟಿ ಸರಿಯಾದ ರಿಮ್ಮು. ತಪ್ಪು ರಿಮ್ಮಿನಿಂದ ಟೈರಿನ ಉಜ್ಜಾಟವಷ್ಟೇ ಅಲ್ಲ, ಬೇರಿಂಗುಗಳ ಮೇಲಿನ ಭಾರವೂ ಹೆಚ್ಚುತ್ತದೆ, ಸ್ಟಿಯರಿಂಗಿನ ನಡತೆಯೂ ಕೆಡುತ್ತದೆ. ಅನಂತರ ಸ್ಪ್ರಿಂಗು ಮತ್ತು ದಿಂಬು. ತೆರಪು ಸ್ವಲ್ಪವೇ ಸಾಲದಿದ್ದರೆ ದಿಂಬಿನ ಹಿಂದೆ ಒಂದು ಬಿಲ್ಲೆಯನ್ನು ಸೇರಿಸಿ ಚಕ್ರದ ಏರಿಕೆಯನ್ನು ಕೆಲವು ಮಿಲಿಮೀಟರು ಮೊದಲೇ ನಿಲ್ಲಿಸಬಹುದು. ಟೈರು ಉಳಿಯುತ್ತದೆ, ಸುಖವು ಅಷ್ಟರಮಟ್ಟಿಗೆ ಹೋಗುತ್ತದೆ. ತಿರುವುಗಳಲ್ಲಿ ಮಾತ್ರ ಉಜ್ಜುವ ಕಾರಿಗೆ, ಎಡಬಲ ಚಕ್ರಗಳನ್ನು ಜೋಡಿಸುವ ದಪ್ಪನೆಯ ಆಂಟಿರೋಲ್ ಬಾರು ಉಪಯುಕ್ತ. ಒಂದು ಚಕ್ರವು ಇನ್ನೊಂದಕ್ಕಿಂತ ಮೇಲೇರಲು ಹೊರಟಾಗ ಆ ದಂಡವು ತಿರುಚಿಕೊಂಡು ಎದುರುನಿಲ್ಲುತ್ತದೆ. ಆದರೆ ಎರಡು ಚಕ್ರಗಳೂ ಒಟ್ಟಿಗೆ ಉಬ್ಬಿನ ಮೇಲೇರಿದರೆ ದಂಡವು ಸುಮ್ಮನೆ ಹೊರಳುತ್ತದೆ, ಯಾವ ನೆರವನ್ನೂ ಕೊಡುವುದಿಲ್ಲ. ಚಕ್ರದ ನೆತ್ತಿಯನ್ನು ತುಸು ಒಳಕ್ಕೆ ವಾಲಿಸುವುದೂ ಒಂದು ಉಪಾಯ. 310 ಮಿ.ಮೀ. ತ್ರಿಜ್ಯದ ಚಕ್ರವನ್ನು ಒಂದು ಡಿಗ್ರಿ ವಾಲಿಸಿದರೆ ನೆತ್ತಿಯು ಕೇಂದ್ರಕ್ಕಿಂತ ಸುಮಾರು 5 ಮಿ.ಮೀ. ಒಳಕ್ಕೆ ಸರಿಯುತ್ತದೆ. ಎರಡು ಮೂರು ಡಿಗ್ರಿಗಳಿಗೆ ಹೋದರೆ ಟೈರಿನ ಒಳ ಅಂಚು ಬೇಗನೆ ಸವೆಯುವುದರಿಂದ, ಹೊರಗಡೆ ಉಳಿಸಿದ ರಬ್ಬರನ್ನು ಒಳಗಡೆ ಕಳೆದುಕೊಂಡಂತಾಗುತ್ತದೆ.

ಇಷ್ಟಾದರೂ ಸಾಲದಿದ್ದರೆ ಆಗ ಕಮಾನು. ಅದರ ಅಂಚಿನ ತಗಡು ಒಳಕ್ಕೆ ಮಡಿಚಿ ಒಂದು ತುಟಿಯಂತೆ ನಿಂತಿರುತ್ತದೆ. ಟೈರನ್ನು ಕೆತ್ತುವುದು ಬಹುಮಟ್ಟಿಗೆ ಈ ತುಟಿಯೇ. ನಾಭಿಗೆ ಬಿಗಿದ ತೋಳೊಂದರ ತುದಿಯಲ್ಲಿರುವ ಉರುಳೆಯನ್ನು ತುಟಿಯ ಮೇಲೆ ಹಾಯಿಸುತ್ತ ಅದನ್ನು ಮೇಲಕ್ಕೆ ಒತ್ತಿ ಮಡಿಸುತ್ತಾರೆ. ಬಣ್ಣವು ಬಿರಿಯದಂತೆ ಬಿಸಿಗಾಳಿಯಿಂದ ತಗಡನ್ನು ಹದವಾಗಿ ಕಾಯಿಸುತ್ತಿರಬೇಕು. ಹಿಂದಿನ ಕಮಾನಿನಲ್ಲಿ ಒಳತಗಡೂ ಹೊರತಗಡೂ ಇದೇ ತುಟಿಯಲ್ಲಿ ಬೆಸುಗೆಯಾಗಿ ಕೂಡಿರುವುದುಂಟು. ಅದನ್ನು ಗರಗಸದಿಂದ ಕತ್ತರಿಸಿದರೆ ಬೆಸುಗೆ ಬಿಟ್ಟು ನೀರು ಒಳಕ್ಕೆ ಇಳಿಯುತ್ತದೆ. ಮಡಿಸಿದ ಜಾಗದಲ್ಲಿ ಬಣ್ಣದ ಸಣ್ಣ ಬಿರುಕು ಉಳಿದರೂ ಸಾಕು, ಒಂದೆರಡು ಮಳೆಗಾಲಗಳಲ್ಲಿ ತುಕ್ಕು ಹರಡುತ್ತದೆ. ಮಡಿಸಿದ ಒಡನೆಯೇ ಬಣ್ಣವನ್ನೂ ನೀರುನಿರೋಧಕ ಲೇಪವನ್ನೂ ಕೊಡಬೇಕು. ಮಿನಿಯಲ್ಲಿ ಚಕ್ರಗಳು ಹಿಗ್ಗಿದಾಗ ತಯಾರಕರೇ ಕಮಾನಿನ ಅಂಚಿಗೆ ಪ್ಲಾಸ್ಟಿಕ್ ವಿಸ್ತರಣೆಗಳನ್ನು ಹಾಕಿದರು. ಅವು ಟೈರು ಎಸೆಯುವ ಕೆಸರನ್ನೂ ಕಲ್ಲನ್ನೂ ತಡೆಯುತ್ತವೆ. ಒಳಗಿನ ತಗಡು ಹಾಗೆಯೇ ಇದ್ದರೆ ಉಜ್ಜಾಟವನ್ನು ಮಾತ್ರ ತಪ್ಪಿಸಲಾರವು.

ನಮ್ಮ ದೇಶದಲ್ಲಿ 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ವಿಧಿಯ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ಗೊತ್ತುಪಡಿಸಿದುದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಒಡೆಯನು ತನ್ನಿಚ್ಛೆಯಂತೆ ಮಾರ್ಪಡಿಸುವಂತಿಲ್ಲ ಎಂಬುದನ್ನೂ ಇಂಥ ಕೆಲಸಕ್ಕೆ ಕೈಹಾಕುವವರು ತಿಳಿದಿರಬೇಕು.

ನಮ್ಮ ವಿದ್ಯಾರ್ಥಿಯು 7 ಅಂಗುಲದ ರಿಮ್ಮುಗಳನ್ನು ನಷ್ಟಕ್ಕೇ ಮಾರಿದನು. ಅದೇ ಕಾರಿನ ದುಬಾರಿ ಮಾದರಿಗೆ ತಯಾರಕರು ಕೊಡುತ್ತಿದ್ದ 15 ಅಂಗುಲದ ರಿಮ್ಮು ಮತ್ತು 185/65ರ ಟೈರುಗಳು ಬಂದವು. ಮೂಲ ಸ್ಪ್ರಿಂಗುಗಳೂ ಹೊಸ ದಿಂಬುಗಳೂ ತಮ್ಮ ಸ್ಥಾನಕ್ಕೆ ಮರಳಿದವು. ಮುಂದಿನ ಭಾನುವಾರ ಮೇಸ್ತ್ರಿಗಳು ನಾಲ್ಕು ಟೈರುಗಳಿಗೂ ತಾವೇ ಸೀಮೆಸುಣ್ಣ ಬಳಿದು, ನಮ್ಮನ್ನೂ ಸೇರಿಸಿ ಐವರನ್ನು ಕಾರಿನಲ್ಲಿ ತುಂಬಿ, ಬಡಾವಣೆಯ ಅತ್ಯಂತ ಕೆಟ್ಟ ಉಬ್ಬಿನ ಮೇಲೆ ಮೂರು ಸಲ ಹಾಯಿಸಿದರು. ಇಳಿದು ನೋಡಿದಾಗ ಗೆರೆಗಳು ಹಾಗೆಯೇ ಇದ್ದವು. ಹುಡುಗನು ಚಕ್ರದ ಮೇಲಿನ ತೆರಪಿನಲ್ಲಿ ಕೈಯಿಟ್ಟು ನೋಡಿದನು. ನಾಲ್ಕು ಬೆರಳು ಸರಾಗವಾಗಿ ಹಿಡಿಸಿತು. ಅವನ ಮುಖದಲ್ಲಿ ಅಷ್ಟೇನೂ ಸಂತೋಷ ಕಾಣಲಿಲ್ಲವೆಂಬುದನ್ನು ಮುಚ್ಚಿಡಲಾರೆವು.